ಹಾಲುಹಲ್ಲಿನ ಕಾಣಿಕೆ

ಮಗುವಿನ ಹಾಲುಹಲ್ಲು ಬಿದ್ದ ದಿನ ಅದನ್ನು ತಲೆದಿಂಬಿನ ಅಡಿಯಲ್ಲಿ ಇಡಿಸುವುದು, ಮಗು ನಿದ್ರೆ ಹೋದ ಮೇಲೆ ತಾಯಿತಂದೆಗಳು ಆ ಹಲ್ಲನ್ನು ತೆಗೆದುಕೊಂಡು ಅದರ ಸ್ಥಾನದಲ್ಲಿ ಒಂದು ನಾಣ್ಯವನ್ನಿರಿಸುವುದು, ಬೆಳಗಾದೊಡನೆ ಅದನ್ನು ‘ಟೂತ್ ಫೇರಿ’ ಎಂಬ ಹಲ್ಲಿನ ಕಿನ್ನರಿಯ ಕೊಡುಗೆಯೆಂದು ಹೇಳುವುದು, ಈ ಪದ್ಧತಿಯು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿಯೂ ಇಂಗ್ಲಿಷ್ ನುಡಿಯುವ ಇತರ ದೇಶಗಳಲ್ಲಿಯೂ ಮನೆಮನೆಯ ಆಚಾರವಾಗಿರುತ್ತದೆ. ಇದು ಅತ್ಯಂತ ಪ್ರಾಚೀನವಾದುದೆಂದೂ, ಇದರ ಮೂಲವು ಉತ್ತರ ಯೂರೋಪಿನ ನಾರ್ಸ್ ಜನರ ‘ತನ್‌ಫೇ’ ಎಂಬ ದಾನದಲ್ಲಿದೆಯೆಂದೂ ಹೇಳುವವರು ಅನೇಕರಿದ್ದಾರೆ. ಒಬ್ಬರು ಬರೆದುದನ್ನು ಮತ್ತೊಬ್ಬರು ಎತ್ತಿಕೊಳ್ಳುವುದರಿಂದ ಈ ಮಾತು ಪ್ರಮಾಣದಂತೆಯೇ ನಡೆದುಬಂದಿದೆ. ಇದು ಎಷ್ಟರಮಟ್ಟಿಗೆ ನಿಲ್ಲುವುದೆಂಬುದು ವಿಚಾರಣೀಯ.

‘ತನ್‌ಫೇ’ ಎಂಬ ಶಬ್ದವೇನೋ ಪ್ರಾಚೀನವಾದುದೇ. ಎಡ್ಡಾ ಎಂಬ ಪದ್ಯಸಂಗ್ರಹದ ‘ಗ್ರೀಮ್ನಿಸ್ಮಾಲ್’ ಎಂಬ ಕವನದಲ್ಲಿ, ಆದಿಕಾಲದಲ್ಲಿ ದೇವತೆಗಳು ಫ್ರೇಯರ್ ಎಂಬ ದೇವನಿಗೆ ಆಲ್ಫ್‌ಹೈಮ್ ಎಂಬ ಲೋಕವನ್ನೇ ತನ್‌ಫೇ ಆಗಿ ಕೊಟ್ಟರೆಂಬ ಪ್ರಸಕ್ತಿಯುಂಟು. ಈ ಸಂಗ್ರಹದ ಮುಖ್ಯವಾದ ಕೈಬರಹದ ಪ್ರತಿಯು 13ನೆಯ ಶತಮಾನದ ಉತ್ತರಾರ್ಧದ್ದು. ಶಬ್ದದ ಪೂರ್ವಭಾಗವು ಸಂಸ್ಕೃತದ ‘ದಂತ’ ಶಬ್ದಕ್ಕೆ ದಾಯಾದಿ. ‘ಫೇ’ ಎಂಬ ಉತ್ತರಭಾಗವು ‘ಪಶು’ ಶಬ್ದಕ್ಕೆ ದಾಯಾದಿ. ದನಕರುಗಳೇ ಧನವಾಗಿದ್ದ ಕಾಲದಲ್ಲಿ ‘ಪಶು’ವೆಂಬ ಅರ್ಥವು ‘ಸೊತ್ತು’ ಎಂದೂ ಆ ಬಳಿಕ ‘ಶುಲ್ಕ’ವೆಂದೂ ಮಾರ್ಪಟ್ಟಿತು. ಆದುದರಿಂದ ತನ್‌ಫೇ ಎಂಬುದನ್ನು ಅಕ್ಷರಶಃ ‘ದಂತಪಶು’ವೆಂದು ಬಿಡಿಸಬಹುದು. ಆದರೆ ಇದು ಯಾವ ಹಲ್ಲಿಗೆ ಸಂದ ಸೊತ್ತು? 1874ರಲ್ಲಿ ಪ್ರಕಟವಾದ ಕ್ಲೀಸ್‌ಬಿ ಮತ್ತು ವಿಗ್‌ಫುಸ್ಸೊನ್ ಅವರ ಐಸ್‌ಲೆಂಡಿಕ್ ನಿಘಂಟು ಇದಕ್ಕೆ ಕೊಡುವ ಅರ್ಥವು ಶಿಶುವಿಗೆ ಮೊದಲ ಹಲ್ಲು ಮೂಡಿದಾಗ ಕೊಡುವ ಉಡುಗೊರೆ ಎಂದು. ಹುಟ್ಟಿದ ಹಲ್ಲಿಗೆ ಕೊಟ್ಟುದನ್ನು ಬಿದ್ದ ಹಲ್ಲಿಗೆ ಕೊಟ್ಟುದೆಂದು ತಿಳಿಯುವುದು ನಾಮಕರಣದ ತೊಟ್ಟಿಲನ್ನು ಉಪನಯನದ ಮಂಟಪಕ್ಕೆ ತಂದಂತೆ. ಇವೆರಡರ ನಡುವೆ ಆರು ವರ್ಷಗಳ ಅಂತರವಿರುವುದಲ್ಲದೆ ಭಾವದಲ್ಲಿಯೂ ಮಹದಂತರವಿದೆ.

ಮೊದಲ ಹಲ್ಲಿಗೆ ಸಲ್ಲುವ ಮರ್ಯಾದೆಯು ಆರ್ಯಭಾಷೆಗಳ ಜನರಲ್ಲಿ ಬೇರೆಡೆಯೂ ಕಾಣಬರುತ್ತದೆ. ಅಥರ್ವವೇದದ ಆರನೆಯ ಕಾಂಡದ 140ನೆಯ ಸೂಕ್ತವು ಮೂರೇ ಮಂತ್ರಗಳ ಚಿಕ್ಕ ಸೂಕ್ತ. ಶಿಶುವಿನ ಬಾಯಲ್ಲಿ ಮೂಡಿದ ಎರಡು ಹಲ್ಲುಗಳನ್ನು ಅಲ್ಲಿ ತಾಯಿತಂದೆಗಳನ್ನು ತಿನ್ನಲು ಬಂದ ಹುಲಿಗಳೆಂದು ಕರೆದು, ಅಕ್ಕಿ ಜವೆ ಉದ್ದು ಎಳ್ಳುಗಳನ್ನು ತಿನ್ನಿರಿ, ಹೆತ್ತವರನ್ನು ಹಿಂಸಿಸದಿರಿ ಎಂದು ಬೇಡಿಕೊಂಡಿದೆ. ಮೇಲಣ ಹಲ್ಲುಗಳು ಮೊದಲು ಹುಟ್ಟಿದಾಗ ಇದರ ವಿನಿಯೋಗವೆಂದು ಕೌಶಿಕಸೂತ್ರದ ಸಂಪ್ರದಾಯ. ಕನ್ನಡನಾಡಿನ ಮುದುಕಿಯರು ಮೇಲ್ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಆಗದು ಎನ್ನುವುದನ್ನು ಇದರೊಡನೆ ಹೋಲಿಸಿ ನೋಡಬಹುದು. ಭಯವು ಹೆತ್ತವರಿಂದ ಮಾವನ ಕಡೆಗೆ ಸರಿದಿದೆ, ಅಷ್ಟೆ. ಈ ಸೂಕ್ತದಲ್ಲಿ ಧಾನ್ಯವನ್ನು ಹಲ್ಲುಗಳ ‘ಭಾಗ’ವೆಂದು ಕರೆದಿರುವುದು ವಿಶೇಷ. ಇಲ್ಲಿ ಕಾಣಿಕೆಯನ್ನು ಪಡೆಯುವವನು ಮಗುವಲ್ಲ, ಹಲ್ಲೇ. ಧರ್ಮಶಾಸ್ತ್ರಕಾರರೂ ಹಲ್ಲು ಹುಟ್ಟುವುದನ್ನು ಒಂದು ಎಲ್ಲೆಯಾಗಿ ಗಣಿಸಿರುತ್ತಾರೆ. ಶಿಶುವು ತೀರಿಹೋದಾಗ ಬಂಧುಗಳಿಗೆ ಎಷ್ಟು ದಿನದ ಆಶೌಚವೆಂಬುದನ್ನು ಮನು ಯಾಜ್ಞವಲ್ಕ್ಯಾದಿಗಳು ನಿರ್ಣಯಿಸುವಾಗ, ಹಲ್ಲು ಹುಟ್ಟುವುದಕ್ಕೆ ಮುಂಚೆಯೋ ಆಮೇಲೋ ಎಂದು ಕೇಳುತ್ತಾರೆ. ಹಲ್ಲು ಬಂದ ಕೂಸು ಕುಲದಲ್ಲಿ ಲೆಕ್ಕಕ್ಕೆ ಸೇರಿತು. ಎಷ್ಟೋ ಕೂಸುಗಳು ಅಲ್ಲಿಯವರೆಗೆ ಉಳಿಯದಿದ್ದ ಕಾಲದ ನಿಯಮವಿದು. ನಾರ್ಸ್ ಜನರ ದಾನದಲ್ಲಿಯೂ ಇದೇ ನೆಮ್ಮದಿಯು ಇದ್ದಿರಬೇಕು.

ಹಲ್ಲು ಬೀಳುವುದಕ್ಕಾದರೋ ಷೋಡಶಸಂಸ್ಕಾರಗಳಲ್ಲಿ ಯಾವ ಕರ್ಮವೂ ವಿಹಿತವಾಗಿಲ್ಲ. ವೈದ್ಯರು ಮಾತ್ರ ಇದನ್ನು ಗಮನಿಸಿದ್ದಾರೆ. 1938ರಲ್ಲಿ ಅಚ್ಚಾಗಿ ಬೆಳಕಿಗೆ ಬಂದ ಕಾಶ್ಯಪಸಂಹಿತೆಯ ದಂತಜನ್ಮಿಕಾಧ್ಯಾಯದಲ್ಲಿ ಮೂವತ್ತೆರಡು ಹಲ್ಲುಗಳಲ್ಲಿ ಎಂಟು ಒಂದೇ ಸಲ ಹುಟ್ಟುವುವು, ಉಳಿದವು ‘ದ್ವಿಜ’ಗಳು ಎಂದಿದೆ. ಇಂದಿನ ವೈದ್ಯಶಾಸ್ತ್ರದ ಪ್ರಕಾರ ಒಂದೇ ಸಲ ಹುಟ್ಟುವ ದವಡೆಹಲ್ಲುಗಳು ಹನ್ನೆರಡು, ಬಿದ್ದು ಹುಟ್ಟುವುವು ಇಪ್ಪತ್ತು. ಲೆಕ್ಕದಲ್ಲಿ ನಾಲ್ಕರ ವ್ಯತ್ಯಾಸವಿದ್ದರೂ ವಿಭಾಗದ ತತ್ತ್ವವು ಸರಿಯಾಗಿಯೇ ಇದೆ. ಅಮರಸಿಂಹನು ದ್ವಿಜಶಬ್ದಕ್ಕೆ ಹಲ್ಲು, ವಿಪ್ರ, ಹಕ್ಕಿ ಎಂಬ ಮೂರು ಅರ್ಥಗಳನ್ನು ಹೇಳಿರುವುದು ಪಾಠಶಾಲೆಯ ಬಾಲಕರಿಗೂ ತಿಳಿದ ವಿಷಯ.

ಬಿದ್ದ ಹಲ್ಲಿನ ಆಚಾರಗಳು ಲೋಕದ ಎಲ್ಲ ಕಡೆಯೂ ಇವೆ. 1963ರಲ್ಲಿ ಟೌನೆಂಡ್ ಎಂಬ ಇಂಗ್ಲೆಂಡಿನ ದಂತವೈದ್ಯರು ಇವನ್ನೆಲ್ಲ ಸಂಗ್ರಹಿಸಿ ಒಂಬತ್ತು ಬಗೆಯಾಗಿ ವಿಂಗಡಿಸಿದರು. ಸೂರ್ಯನ ಕಡೆಗೆ ಎಸೆಯುವುದು, ಬೆಂಕಿಗೆ ಹಾಕುವುದು, ಮಾಡಿನ ಮೇಲಕ್ಕೆ ಬೀಸುವುದು, ಇಲಿಯ ಬಿಲದಲ್ಲಿಡುವುದು, ಹೂಳುವುದು ಮೊದಲಾದುವು ಅವುಗಳಲ್ಲಿ ಸೇರಿವೆ. ಕನ್ನಡನಾಡಿನ ಹಳ್ಳಿಗಳಲ್ಲಿ ಹಲ್ಲನ್ನು ಸಗಣಿಯ ಉಂಡೆಯಲ್ಲಿಟ್ಟು ಹೆಂಚಿನ ಮೇಲೆಸೆಯುವುದು ಬಲ್ಲವರೆಲ್ಲ ಬಲ್ಲದ್ದೇ. ಜಪಾನಿನಲ್ಲಿ ಕೆಳಗಣ ಹಲ್ಲು ಮಾಡಿನ ಮೇಲಕ್ಕೆ, ಮೇಲಣ ಹಲ್ಲು ನೆಲಗಟ್ಟಿನ ಅಡಿಗೆ. ಹೊಸ ಹಲ್ಲು ಅದೇ ದಿಕ್ಕಿಗೆ ನೆಟ್ಟಗೆ ಬೆಳೆಯಲೆಂದು. ಪೆಸಿಫಿಕ್ ಸಾಗರದ ರಾರೊಟೊಂಗ ದ್ವೀಪದ ಜನರು ಹಲ್ಲನ್ನು ಎಸೆಯುವಾಗ ಇಲಿಗಳನ್ನು ಕರೆದು, ಹಳೆಯದನ್ನು ಕೊಂಡು ಹೊಸದನ್ನು ಕೊಡಿರೆಂದು ಬೇಡುತ್ತಿದ್ದುದನ್ನು ಫ್ರೇಜರ್ ಪಂಡಿತರು ‘ಗೋಲ್ಡನ್ ಬೌ’ ಗ್ರಂಥದಲ್ಲಿ ಉದಾಹರಿಸಿರುತ್ತಾರೆ. ಇಲಿಯ ಬಾಚಿಹಲ್ಲು ಬದುಕಿರುವತನಕ ಬೆಳೆಯುತ್ತಲೇ ಇರುವುದು. ಅದನ್ನು ಮುಟ್ಟಿದ ಹಲ್ಲಿನ ಮೂಲಕ ಆ ಗುಣವು ಮಗುವಿಗೂ ಬರಲೆಂಬುದೇ ಇದರ ಹೃದಯ. (ಮೂಷಕವಾಹನನಾದ ವಿನಾಯಕನು ಏಕದಂತನೂ ಆಗಿರುವುದನ್ನು ಕಂಡು ಇಲ್ಲಿ ಸಂಬಂಧವನ್ನು ಕಲ್ಪಿಸುವ ಆಸೆ ಹುಟ್ಟುವುದು ಸಹಜ. ಆಧಾರವಿಲ್ಲವಾದುದರಿಂದ ಆಸೆಯನ್ನು ಅಡಗಿಸಿಕೊಳ್ಳುವುದೇ ಲೇಸು.)

ಈ ಆಚಾರಗಳಲ್ಲೆಲ್ಲ ಒಂದು ಸಮಾನಧರ್ಮವುಂಟು. ಹಲ್ಲನ್ನು ಕೊಟ್ಟು ಬೇಡುವುದು ಹಲ್ಲನ್ನೇ. ವೈಯಾಕರಣರ ಮಾತಿನಲ್ಲಿ ಹೇಳುವುದಾದರೆ ಸ್ಥಾನಿಯೂ ಹಲ್ಲು, ಆದೇಶವೂ ಹಲ್ಲು. ತಾಯಿತಂದೆಗಳು ಮಗುವಿಗೆ ಏನನ್ನಾದರೂ ಕೊಡಬೇಕೆಂಬ ಮಾತೇ ಇಲ್ಲಿಲ್ಲ. ಹಾಗಾದರೆ ಆ ಸ್ಥಾನಕ್ಕೆ ನಾಣ್ಯವು ಎಂದು ಬಂದಿತು?

ಫ್ರಾನ್ಸಿನಲ್ಲಿಯೂ ಸ್ಪೇನಿನಲ್ಲಿಯೂ ಹಲ್ಲನ್ನು ಒಯ್ದು ಕಾಣಿಕೆಯನ್ನಿಡುವುದು ಕಿನ್ನರಿಯಲ್ಲ, ಇಲಿ. ಫ್ರೆಂಚರು ಇದಕ್ಕೆ 17ನೆಯ ಶತಮಾನದ ಕೊನೆಯ ಮದಾಂ ದೋಲ್ನ್ವಾ ಎಂಬಾಕೆಯ ‘ಒಳ್ಳೆಯ ಪುಟ್ಟ ಇಲಿ’ ಎಂಬ ಕಥೆಯನ್ನು ಮೂಲವೆನ್ನುವುದುಂಟು. ಆ ಕಥೆಯಲ್ಲಿ ಸೆರೆಸಿಕ್ಕ ರಾಣಿಗೆ ಇಲಿಯ ರೂಪದ ಕಿನ್ನರಿಯೊಬ್ಬಳು ನೆರವಾಗುವಳೇ ಹೊರತು ಮಗುವಿನ ಹಲ್ಲಿಗೆ ನಾಣ್ಯವನ್ನಿಡುವ ಸಂಗತಿಯು ಅದರ ವಸ್ತುವಲ್ಲ. ಸ್ಪೇನಿನ ‘ಪೆರೆಸ್ ಇಲಿ’ಯ ವೃತ್ತಾಂತವು ಇದಕ್ಕಿಂತ ದೃಢವಾದುದು, ಮತ್ತು ಹೆಚ್ಚು ರಸವತ್ತಾದುದು.

ಸ್ಪೇನಿನ ದೊರೆ ಹನ್ನೆರಡನೆಯ ಅಲ್ಫೊನ್ಸೊ 1885ರ ನವೆಂಬರಿನಲ್ಲಿ ತೀರಿಕೊಂಡನು. ಆತನ ಮಗನು 1886ರ ಮೇ 17ರಂದು ಹುಟ್ಟಿದನು. ತಂದೆಯ ಮುಖವನ್ನು ಕಾಣದ ಕೂಸು ಹುಟ್ಟಿದ ಗಳಿಗೆಯಿಂದಲೇ ಹದಿಮೂರನೆಯ ಅಲ್ಫೊನ್ಸೊ ಎಂಬ ದೊರೆಯಾಯಿತು. ತಾಯಿ ಮರಿಯಾ ಕ್ರಿಸ್ತೀನಳು ರಾಜಪ್ರತಿನಿಧಿಯಾಗಿ ಆಳುತ್ತಿದ್ದಳು. ಎಂಟನೆಯ ವರ್ಷದಲ್ಲಿ ಬಾಲರಾಜನ ಹಲ್ಲು ಬಿದ್ದಾಗ ಅವನಿಗಾಗಿ ಒಂದು ಕಥೆಯನ್ನು ಬರೆಯುವ ಕೆಲಸವು ಜೆಸ್ವಿಟ್ ಪಾದ್ರಿಯೂ ಕಾದಂಬರಿಕಾರನೂ ಆದ ಲೂಯಿಸ್ ಕೊಲೋಮನ ಪಾಲಿಗೆ ಬಂದಿತು. 1894ರ ಆ ಹಸ್ತಪ್ರತಿಯು ಮದ್ರಿದಿನ ಅರಮನೆಯ ಪುಸ್ತಕಭಂಡಾರದಲ್ಲಿದೆ; ಕಥೆಯು 1902ರಲ್ಲಿ ಅಚ್ಚಾಯಿತು. ಪೆರೆಸ್ ಎಂಬ ಇಲಿಯ ಹೆಸರು ಕೊಲೋಮನ ಸೃಷ್ಟಿಯಲ್ಲ. 1884ರ ಪೆರೆಸ್ ಗಲ್ದೋಸನ ಕಾದಂಬರಿಯೊಂದರಲ್ಲಿ ಲೋಭಿಯೊಬ್ಬನನ್ನು ಈ ಇಲಿಗೆ ಹೋಲಿಸಿರುವುದರಿಂದ, ಹೆಸರು ಅದಕ್ಕೂ ಮೊದಲೇ ಜನರ ಬಾಯಲ್ಲಿದ್ದುದು ಸ್ಪಷ್ಟ. ಕೊಲೋಮನು ಮಾಡಿದುದು ಬೇರೆ. ಅವನು ಇಲಿಗೆ ಒಣಹುಲ್ಲಿನ ಟೋಪಿ, ಚಿನ್ನದ ಕನ್ನಡಕ, ಬೆನ್ನಿಗೊಂದು ಕೆಂಪು ಚೀಲಗಳನ್ನು ಕೊಟ್ಟು, ಅರೆನಾಲ್ ಬೀದಿಯ 8ನೆಯ ನಂಬರಿನ ಮಿಠಾಯಿ ಅಂಗಡಿಯಲ್ಲಿ ಬಿಸ್ಕತ್ತಿನ ದೊಡ್ಡ ಡಬ್ಬಿಯೊಳಗೆ ಸಂಸಾರಸಮೇತ ಮನೆಮಾಡಿಸಿದನು.

ಕಥೆಯಲ್ಲಿ ಬೂಬಿ ಎಂಬ ಮುದ್ದಿನ ಹೆಸರಿನ ಬಾಲರಾಜನು ಹಲ್ಲನ್ನು ಒಂದು ಕಾಗದದೊಡನೆ ದಿಂಬಿನಡಿಯಿರಿಸಿ, ಇಲಿಯನ್ನು ಕಾಣಲು ಎಚ್ಚರವಾಗಿರುತ್ತಾನೆ. ಇಲಿಯು ಬಂದು ತನ್ನ ಬಾಲದ ತುದಿಯಿಂದ ಅವನ ಮೂಗನ್ನು ಸವರಿ ಅವನನ್ನೂ ಇಲಿಯನ್ನಾಗಿ ಮಾಡಿ, ಅದೇ ಇರುಳು ಹಲ್ಲು ಬಿದ್ದ ಮತ್ತೊಬ್ಬ ಹುಡುಗನ ಮನೆಗೆ ಕರೆದೊಯ್ಯುತ್ತದೆ. ಗಿಲೀತೊ ಎಂಬ ಆ ಬಡಹುಡುಗನು ಚಳಿ ಹೊಗುವ ಅಟ್ಟದ ಗೂಡಿನಲ್ಲಿ ಮಲಗಿರುತ್ತಾನೆ. ಇಲಿಯು ಅವನ ದಿಂಬಿನಡಿಯಲ್ಲಿ ಒಂದು ಚಿನ್ನದ ನಾಣ್ಯವನ್ನಿಡುತ್ತದೆ. ಬೆಳಗ್ಗೆ ಬೂಬಿಯು ಎದ್ದು ತನ್ನ ದಿಂಬನ್ನೆತ್ತಿದರೆ ಅಲ್ಲಿರುವುದು ವಜ್ರಗಳನ್ನು ಕೆತ್ತಿದ ‘ಚಿನ್ನದ ಉಣ್ಣೆ’ಯ ಬಿರುದಿನ ಪದಕ. ಬಡಮಕ್ಕಳೂ ತನ್ನ ಒಡಹುಟ್ಟಿದವರೇ ಎಂಬ ಅರಿವು ರಾಜನಿಗೆ ಬಂದಿತೆಂದು ಪಾದ್ರಿಯು ಹೇಳುತ್ತಾನೆ. ಆ ಅರಿವು ದಿಟವಾದುದೆಂದು ಒಪ್ಪಿದರೂ, ಒಂದೇ ರಾತ್ರಿ ಬಿದ್ದ ಎರಡು ಹಲ್ಲುಗಳಿಗೆ ಒಂದೇ ಇಲಿ ಕೊಟ್ಟ ಬೆಲೆಗಳು ಬೇರೆಬೇರೆಯಾಗಿಯೇ ಉಳಿದುವು. ಕಥೆಗಾರನು ಇದನ್ನು ಕಾಣಲಿಲ್ಲವೋ, ಕಂಡೂ ಅರಮನೆಯ ಮಗುವಿಗಾಗಿ ಬರೆಯುವಾಗ ಸುಮ್ಮನಾದನೋ! ಆ ದೊರೆಯು 1931ರಲ್ಲಿ ದೇಶವನ್ನೇ ಬಿಟ್ಟು ಹೋಗಬೇಕಾಯಿತು. ಇಲಿಯ ವಾಸಸ್ಥಾನದಲ್ಲಿ ಮದ್ರಿದಿನ ನಗರಸಭೆಯು 2003ರಲ್ಲಿ ಸ್ಮಾರಕಫಲಕವನ್ನು ನೆಡಿಸಿತು.

ಅಮೆರಿಕದ ಕಿನ್ನರಿಯು ಇದಕ್ಕಿಂತ ಕಿರಿಯಳು. ಇದುವರೆಗೆ ದೊರೆತಿರುವ ಅಚ್ಚಿನ ಉಲ್ಲೇಖಗಳಲ್ಲಿ ಮೊದಲನೆಯದು 1908ರ ಸೆಪ್ಟೆಂಬರ್ 27ರ ಷಿಕಾಗೊ ಟ್ರಿಬ್ಯೂನ್ ಪತ್ರಿಕೆಯ ಗೃಹಿಣಿಯರ ಅಂಕಣದಲ್ಲಿದೆ. ಅಲುಗುವ ಹಲ್ಲನ್ನು ಕೀಳಿಸಿಕೊಳ್ಳಲು ಹಟಮಾಡುವ ಮಗುವಿಗೆ ಹಲ್ಲಿನ ಕಿನ್ನರಿಯ ಮಾತನ್ನು ಹೇಳಿದರೆ ಒಪ್ಪುವುದೆಂದೂ, ತಾಯಂದಿರು ಅಂಗಡಿಯ ಐದು ಸೆಂಟಿನ ಸಾಮಾನುಗಳಲ್ಲಿ ಕೆಲವನ್ನು ಮೊದಲೇ ತಂದಿಟ್ಟುಕೊಳ್ಳುವುದು ಒಳ್ಳೆಯದೆಂದೂ ಅದರ ಸಲಹೆ. ಇದರಿಂದ ಎರಡು ವಿಷಯಗಳು ತಿಳಿಯಬರುತ್ತವೆ. ಆಗ ಕೊಡುತ್ತಿದ್ದುದು ನಾಣ್ಯವೇ ಆಗಬೇಕೆಂಬ ನಿಯಮವಿರಲಿಲ್ಲ, ಸಣ್ಣ ವಸ್ತುವೂ ಸಲ್ಲುತ್ತಿದ್ದಿತು. ಎರಡನೆಯದು ಮುಖ್ಯವಾದುದು: ಇಲ್ಲಿ ವಿಧಿಯು ಹಲ್ಲನ್ನು ಕೀಳಿಸಿಕೊಳ್ಳುವುದು, ಕಿನ್ನರಿಯು ಅದಕ್ಕೆ ಒಡ್ಡಿದ ಅರ್ಥವಾದ. ಕಹಿಮದ್ದನ್ನು ಕುಡಿಸುವ ಮೊದಲು ನಾಲಗೆಗೆ ಬೆಲ್ಲವನ್ನು ಸವರುವ ಗುಡಜಿಹ್ವಿಕಾನ್ಯಾಯಕ್ಕೆ ಇದಕ್ಕಿಂತ ಚೆನ್ನಾದ ಉದಾಹರಣೆ ಸಿಕ್ಕಲಾರದು. ಫ್ರೇಯರನ ಲೋಕದಿಂದ ಇಳಿದುಬಂದ ದೇವತೆಯೆಂದು ಹೇಳಲಾದವಳು ಅಡಿಗೆಮನೆಯ ಉಪಾಯವಾಗಿ ಕಾಣಿಸಿಕೊಂಡಿದ್ದಾಳೆ. ತಾಯಂದಿರ ಬುದ್ಧಿಯನ್ನು ಮೆಚ್ಚತಕ್ಕ ಈ ಮೂಲವನ್ನು ಬಿಟ್ಟು ನಾರ್ಸ್ ವಂಶಾವಳಿಯನ್ನು ಹುಡುಕುವುದು ಅನಾವಶ್ಯಕ.

1927ರಲ್ಲಿ ಎಸ್ತರ್ ವಾಟ್ಕಿನ್ಸ್ ಆರ್ನಲ್ಡ್ ಎಂಬಾಕೆ ಈ ಕಿನ್ನರಿಯ ಹೆಸರಿನಲ್ಲಿ ಮಕ್ಕಳ ನಾಟಕವೊಂದನ್ನು ಬರೆದಳು. ಪದ್ಧತಿಯು ಊರೂರಿಗೆ ಹಬ್ಬಿದ್ದು ಎರಡನೆಯ ಮಹಾಯುದ್ಧದ ತರುವಾಯ. ಯುದ್ಧಾನಂತರದ ಸಮೃದ್ಧಿ, ಮಗುವನ್ನೇ ಕೇಂದ್ರವಾಗಿಟ್ಟುಕೊಂಡ ಸಂಸಾರ, ಪತ್ರಿಕೆ ಚಲಚ್ಚಿತ್ರಾದಿಗಳ ಉತ್ತೇಜನ ಎಂಬ ಮೂರು ಕಾರಣಗಳನ್ನು ತುಲೇಜ ಎಂಬ ವಿದ್ವಾಂಸರು 1991ರ ಪ್ರಬಂಧದಲ್ಲಿ ಹೇಳಿರುವುದು ಯುಕ್ತವಾಗಿ ತೋರುತ್ತದೆ. ಷಿಕಾಗೊ ಪ್ರಾಂತದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದ ದಂತವೈದ್ಯಶಾಲೆಯಲ್ಲಿ ಅಧ್ಯಾಪಕಿಯಾಗಿದ್ದ ರೋಸ್‌ಮೆರಿ ವೆಲ್ಸ್ ಅವರು 1970ರ ದಶಕದಿಂದ ಈ ವಿಷಯವನ್ನೇ ಹಿಡಿದು, ಹಲ್ಲೊಂದಕ್ಕೆ ಸಂದ ಹಣವನ್ನು ವರ್ಷವರ್ಷಕ್ಕೂ ಲೆಕ್ಕಹಾಕಿ, 1993ರಲ್ಲಿ ಡಿಯರ್‌ಫೀಲ್ಡಿನ ತಮ್ಮ ಮನೆಯಲ್ಲಿಯೇ ಒಂದು ಸಂಗ್ರಹಾಲಯವನ್ನು ತೆರೆದರು. ಈಗ ಈ ಲೆಕ್ಕವನ್ನಿಡುತ್ತಿರುವುದು ಡೆಲ್ಟಾ ಡೆಂಟಲ್ ಎಂಬ ದಂತವಿಮೆಯ ಸಂಸ್ಥೆ. ಅದರ ಪ್ರಕಾರ 1998ರಲ್ಲಿ ಹಲ್ಲೊಂದಕ್ಕೆ ಸರಾಸರಿ 1.30 ಡಾಲರು, 2023ರಲ್ಲಿ 6.23, 2024ರಲ್ಲಿ 5.84, 2025ರಲ್ಲಿ 5.01. ಹಲ್ಲಿನಿಂದಲೇ ವ್ಯಾಪಾರ ನಡೆಸುವವರ ಲೆಕ್ಕವಾದುದರಿಂದ ತುಸು ಎಚ್ಚರದಿಂದ ಗ್ರಹಿಸತಕ್ಕದ್ದು. ಸರಾಸರಿಯೊಳಗೆ ಬೂಬಿಯೂ ಗಿಲೀತೊವೂ ಒಂದಾಗಿಬಿಡುವರೆಂಬುದನ್ನೂ ಮರೆಯಬಾರದು.

ನಾಣ್ಯದ ಗಲಭೆಯಲ್ಲಿ ಹಲ್ಲಿನ ಗತಿಯೇನಾಯಿತೆಂಬುದನ್ನು ಯಾರೂ ಕೇಳರು. ಹಳೆಯ ಆಚಾರದಲ್ಲಿ ಹಲ್ಲು ಸೇರಬೇಕಾದ ಎಡೆಯು ಗೊತ್ತಿತ್ತು: ಬಿಲ, ಮಾಡು, ಬೆಂಕಿ, ಸೂರ್ಯ. ಹೊಸತರಲ್ಲಿ ಅದು ತಾಯಿಯ ಪೆಟ್ಟಿಗೆಯ ಮೂಲೆಯಲ್ಲಿ ಗುಟ್ಟಾಗಿ ಬಿದ್ದಿರುವುದು. ಇದಕ್ಕೆ ಒಂದು ದೊಡ್ಡ ಅಪವಾದವಿದೆ. ಅಣುಬಾಂಬುಗಳನ್ನು ಬಯಲಿನಲ್ಲಿ ಸಿಡಿಸಿ ಪರೀಕ್ಷಿಸುತ್ತಿದ್ದ ಕಾಲದಲ್ಲಿ, ಸ್ಟ್ರಾಂಷಿಯಂ-90 ಎಂಬ ವಿಕಿರಣಧಾತುವು ಹುಲ್ಲಿಗಿಳಿದು, ಹಸುವಿನ ಹಾಲಿಗೆ ಬಂದು, ಸುಣ್ಣದ ಸತ್ತ್ವದಂತೆಯೇ ಮಕ್ಕಳ ಎಲುಬು ಹಲ್ಲುಗಳಲ್ಲಿ ಸೇರುತ್ತಿದೆಯೆಂಬ ಶಂಕೆ ಹುಟ್ಟಿತು. 1958ರ ಡಿಸೆಂಬರಿನಲ್ಲಿ ಸೇಂಟ್ ಲೂಯಿಸ್ ನಗರದ ನಾಗರಿಕರೂ ವಿಜ್ಞಾನಿಗಳೂ ಕೂಡಿ ಮಕ್ಕಳ ಬಿದ್ದ ಹಲ್ಲುಗಳನ್ನು ಬೇಡತೊಡಗಿದರು. ಹಲ್ಲನ್ನು ಕಳುಹಿಸಿದ ಮಗುವಿಗೆ ಬಂದ ಕಾಣಿಕೆಯು ಹಣವಲ್ಲ. ತನ್ನ ಹಲ್ಲನ್ನು ವಿಜ್ಞಾನಕ್ಕೆ ಕೊಟ್ಟೆನೆಂದು ಸಾರುವ, ಅಂಗಿಗೆ ಚುಚ್ಚಿಕೊಳ್ಳುವ ಒಂದು ಬಿಲ್ಲೆ. ವೈದ್ಯೆ ಲೂಯಿಸ್ ರೈಸ್ ಅವರು 1961ರ ನವೆಂಬರಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಮೊದಲ ಫಲಿತಾಂಶವನ್ನು ಪ್ರಕಟಿಸಿದರು: ಹಲ್ಲುಗಳಲ್ಲಿ ಆ ಧಾತುವು ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. 1963ರ ಆಗಸ್ಟ್ 5ರಂದು ಬಯಲಿನ ಪರೀಕ್ಷೆಗಳನ್ನು ನಿಷೇಧಿಸುವ ಒಪ್ಪಂದಕ್ಕೆ ಸಹಿ ಬಿದ್ದಿತು. ಹಾಗೆ ಆದುದು ಹಲ್ಲುಗಳೊಂದರಿಂದಲೇ ಅಲ್ಲ. ಆದರೆ ಹಲ್ಲುಗಳ ಸಾಕ್ಷ್ಯವೂ ಆ ವಾದದಲ್ಲಿ ಕೂಡಿತ್ತು. ಸಂಗ್ರಹವು ನಿಂತ 1970ರ ವೇಳೆಗೆ ಸುಮಾರು 3,20,000 ಹಲ್ಲುಗಳು ಬಂದಿದ್ದುವು. ಅವುಗಳಲ್ಲಿ ಪರೀಕ್ಷೆಗೆ ಒಳಗಾಗದೆ ಮಿಕ್ಕ ಸುಮಾರು 85,000 ಹಲ್ಲುಗಳು 2001ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಉಗ್ರಾಣವೊಂದರಲ್ಲಿ ದೊರೆತುವು, ಒಂದೊಂದೂ ಸಣ್ಣ ಲಕೋಟೆಯಲ್ಲಿ, ಕೊಟ್ಟ ಮಗುವಿನ ವಿವರದ ಚೀಟಿಯೊಡನೆ.