ಕಣ್ಣು ಮುಚ್ಚಿದರೆ ಹೌದು

ನಮ್ಮ ಸೋದರತ್ತೆ ಐಸಿಯುನಲ್ಲಿದ್ದಾಗ ಗಂಟಲಿಗೆ ನಳಿಕೆ ಹಾಕಿದ್ದರು. ಎಚ್ಚರವಿತ್ತು, ಮಾತಿರಲಿಲ್ಲ. ನಾವು "ನೋವಾ? ನೀರಾ? ಚಳಿನಾ?" ಎಂದು ಒಂದೇ ಉಸಿರಿಗೆ ಕೇಳುತ್ತಿದ್ದೆವು. ಸಿಸ್ಟರ್ ತಡೆದರು: "ಒಂದೊಂದೇ ಕೇಳಿ. ಹೌದು ಅಂದ್ರೆ ಅಮ್ಮ ಒಂದ್ಸಲ ಕಣ್ಣು ಮುಚ್ತಾರೆ, ಇಲ್ಲ ಅಂದ್ರೆ ಎರಡ್ಸಲ."

ಈ ಭಾಷೆಯ ಚರಿತ್ರೆಯನ್ನು ಹುಡುಕಿಕೊಂಡು ಹೋದಾಗ ಸಿಕ್ಕಿದ್ದು 1952ರ ಕೋಪನ್‌ಹೇಗನ್. ಊರಿಗೆಲ್ಲ ಪೋಲಿಯೊ ಹರಡಿತ್ತು. ಉಸಿರಾಡಲಾಗದ ರೋಗಿಗಳಿಗೆ ಬೇಕಾದಷ್ಟು ಯಂತ್ರಗಳು ಬ್ಲೆಗ್‌ಡಾಮ್ ಆಸ್ಪತ್ರೆಯಲ್ಲಿರಲಿಲ್ಲ. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್, 12 ವರ್ಷದ ಹುಡುಗಿಯೊಬ್ಬಳ ಕೊರಳಿನ ರಂಧ್ರಕ್ಕೆ ನಳಿಕೆ ಸೇರಿಸಿ, ರಬ್ಬರ್ ಚೀಲ ಒತ್ತಿ ಉಸಿರು ತುಂಬಿದರು. ಹುಡುಗಿ ಬದುಕಿದಳು. ಮುಂದಿನ ತಿಂಗಳುಗಳಲ್ಲಿ ಸುಮಾರು 1500 ವಿದ್ಯಾರ್ಥಿಗಳು ಪಾಳಿಯ ಮೇಲೆ ಕೂತು ಕೈಯಿಂದಲೇ ಚೀಲ ಒತ್ತಿದರು. ಇಂದಿನ ತೀವ್ರ ನಿಗಾ ಘಟಕದ ಬೇರು ಇಲ್ಲಿದೆ. ಆದರೆ ಆ ನಳಿಕೆಯ ಗಾಳಿ ಧ್ವನಿತಂತುಗಳನ್ನು ಮುಟ್ಟುವುದಿಲ್ಲ. ಜೀವ ಉಳಿಸಿದ ದಾರಿಯೇ ಮಾತನ್ನು ಕಸಿದುಕೊಂಡಿತು.

1995ರಲ್ಲಿ ಫ್ರೆಂಚ್ ಪತ್ರಕರ್ತ ಜಾನ್-ದೊಮಿನಿಕ್ ಬೋಬಿ ಪಾರ್ಶ್ವವಾಯುವಿಗೆ ತುತ್ತಾದರು. ಅಲ್ಲಾಡುತ್ತಿದ್ದದ್ದು ಎಡಗಣ್ಣಿನ ರೆಪ್ಪೆ ಮಾತ್ರ. ಫ್ರೆಂಚಿನಲ್ಲಿ ಹೆಚ್ಚು ಬಳಕೆಯಾಗುವ ಅಕ್ಷರ ಮೊದಲು ಬರುವಂತೆ ಎದುರಿನವರು ಪಟ್ಟಿ ಓದುವರು. ಬೇಕಾದ ಅಕ್ಷರಕ್ಕೆ ಅವರು ರೆಪ್ಪೆ ಬಡಿಯುವರು. ಹಾಗೆಯೇ ಒಂದು ಪುಸ್ತಕ ಬರೆಸಿದರು. ಒಮ್ಮೆ ಕನ್ನಡಕ ಕೇಳಲು 'ಲುನೆತ್' ಎಂದು ಹೇಳಹೊರಟರೆ, ಪದ ಮುಗಿಯುವ ಮೊದಲೇ ಕೇಳುಗರು 'ಲೂನ್' ಎಂದುಕೊಂಡು, ಚಂದ್ರ ಯಾಕೆ ಬೇಕು ಎಂದರಂತೆ!

ನಮ್ಮ ಸಿಸ್ಟರ್‌ಗೆ ಬೋಬಿ ಗೊತ್ತಿದ್ದರೋ ಇಲ್ಲವೋ, ಶಾಲೆಯ ವರ್ಣಮಾಲೆ ಗೊತ್ತಿತ್ತು. ಕ-ದಿಂದ ಮ-ವರೆಗಿನ 25 ಅಕ್ಷರಗಳು ಐದೈದರ ಐದು ಸಾಲು. ಮೊದಲು ಸಾಲು, ಆಮೇಲೆ ಅಕ್ಷರ. ಹತ್ತು ಪ್ರಶ್ನೆಯೊಳಗೆ ಉತ್ತರ. ಬಾಯಿಯೊಳಗೆ ಧ್ವನಿ ಹುಟ್ಟುವ ಜಾಗ ನೋಡಿ ಜೋಡಿಸಿದ ಸಾಲುಗಳು ಬಾಯಿ ಕಟ್ಟಿದವರ ನೆರವಿಗೆ ಬಂದಿದ್ದವು.

ಮ ಸಿಕ್ಕಿತು, ನ ಸಿಕ್ಕಿತು. "ಮನೆ!" ಎಂದೆ ನಾನು. ಒಂದು ಸಲ ರೆಪ್ಪೆ ಮುಚ್ಚಿತು. "ಹೋಗೋಣ ಅತ್ತೆ, ಬೇಗ ಹೋಗೋಣ" ಎಂದು ಕಣ್ಣೊರೆಸಿಕೊಂಡೆ. ಸಿಸ್ಟರ್ ಅಷ್ಟಕ್ಕೆ ಬಿಡಲಿಲ್ಲ. "ಮನೆಗೆ ಹೋಗ್ಬೇಕಾ ಅಮ್ಮ?" ಎರಡು ಸಲ. "ಮನೇಲಿ ಯಾರಾದ್ರೂ ಒಬ್ರೇ ಇದಾರಾ?" ಒಂದು ಸಲ.

ಮಾವನಿಗೆ ಊಟ ಯಾರು ಕೊಡುತ್ತಿದ್ದಾರೆ ಎಂದು ಅತ್ತೆ ಮೂರು ದಿನದಿಂದ ಕೇಳುತ್ತಿದ್ದರು. ಕೊಡುತ್ತಿರುವವಳು ನಾನೇ. ಹೇಳಿದೆ. ಅಂದು ರಾತ್ರಿ ಅವರು ನಿದ್ದೆ ಮಾಡಿದರು.