ಬ್ಯಾಂಡಿನ ಹಾಡಿಗೆ ಬಿಜಾಪುರದ ದನಿ

'ಗೋರೇ ಗೋರೇ' ಅಂತ ಶುರುವಾಗುವ ಹಳೆಯ ಹಿಂದಿ ಹಾಡು ನಿಮಗೆ ಗೊತ್ತಿರಬಹುದು. ಲಗ್ನದ ಮೆರವಣಿಗೆಯಲ್ಲಿ ಬ್ಯಾಂಡಿನವರು ಬಾರಿಸಿದ್ದನ್ನು ಕೇಳಿರುತ್ತೀರಿ, ಇಲ್ಲವೇ ರೇಡಿಯೋದಲ್ಲಿ ಕೇಳಿರುತ್ತೀರಿ. 1950ರಲ್ಲಿ ತೆರೆಕಂಡ 'ಸಮಾಧಿ' ಚಿತ್ರದ ಹಾಡು ಅದು. ಯಾರು ಹಾಡಿದ್ದು ಅಂತ ಕೇಳಿದರೆ ಬಹಳ ಮಂದಿ ಲತಾ ಮಂಗೇಶ್ಕರ್ ಅನ್ನುತ್ತಾರೆ. ಆ ಉತ್ತರ ಅರ್ಧ ಮಾತ್ರ ಸರಿ. ಹಾಡಿನಲ್ಲಿ ಎರಡು ಹೆಣ್ಣು ದನಿಗಳಿವೆ. ಒಂದು ಲತಾ ಅವರದು. ಇನ್ನೊಂದು ನಮ್ಮ ಜಿಲ್ಲೆಯ ಅಮೀರಬಾಯಿ ಕರ್ನಾಟಕಿಯವರದು.

ಈ ಹಾಡಿನ ಬಗ್ಗೆ ತಿಳಿಯಬೇಕಾದ ಇನ್ನೊಂದು ಸಂಗತಿ ಇದೆ. ಇದರ ಧಾಟಿ ಮುಂಬಯಿಯಲ್ಲಿ ಹುಟ್ಟಿದ್ದಲ್ಲ, ಸಮುದ್ರ ದಾಟಿ ಬಂದದ್ದು. ವಿದೇಶದ ದೊಡ್ಡ ಬ್ಯಾಂಡ್‌ನವರು ಬಾರಿಸುತ್ತಿದ್ದ ಹಾಡನ್ನು ನಮ್ಮವರು ತಮ್ಮ ರೀತಿಯಲ್ಲಿ ಮತ್ತೆ ಹಾಡಿದರು. ಈಗಿನ ಹುಡುಗರು ಇದಕ್ಕೆ 'ಕವರ್ ಸಾಂಗ್' ಅನ್ನುತ್ತಾರೆ. ಮೊಬೈಲಿನಲ್ಲಿ ದಿನಾ ಹತ್ತು ಬರುತ್ತವೆ. ಎಪ್ಪತ್ತು ವರ್ಷಕ್ಕೂ ಹಿಂದೆ ಅದೇ ಕೆಲಸ ಹೇಗೆ ನಡೆಯಿತು, ಅದರಲ್ಲಿ ಯಾರ ಹೆಸರು ಉಳಿಯಿತು, ಯಾರ ಹೆಸರು ಹೋಯಿತು ಅನ್ನುವುದು ಈ ಬರಹದ ವಿಷಯ.

ದೊಡ್ಡ ಬ್ಯಾಂಡ್ ಅಂದರೇನು?

ನಮ್ಮ ಲಗ್ನದ ಬ್ಯಾಂಡನ್ನೇ ನೆನಪಿಸಿಕೊಳ್ಳಿ. ಕ್ಲಾರಿನೆಟ್, ಟ್ರಂಪೆಟ್, ದೊಡ್ಡ ಹಿತ್ತಾಳೆಯ ಕೊಂಬು, ಡ್ರಮ್ ಇರುತ್ತವೆ. ಈ ವಾದ್ಯಗಳು ಬ್ರಿಟಿಷರ ಪಲ್ಟನ್ನಿನ ಜೊತೆ ನಮ್ಮ ದೇಶಕ್ಕೆ ಬಂದವು. ಅಮೆರಿಕದಲ್ಲಿ 1930ರ ಹೊತ್ತಿಗೆ ಇಂಥವೇ ವಾದ್ಯಗಳಿಗೆ ಸ್ಯಾಕ್ಸೊಫೋನ್, ಪಿಯಾನೋ, ದೊಡ್ಡ ತಂತಿವಾದ್ಯ ಸೇರಿಸಿ, ಹನ್ನೆರಡರಿಂದ ಇಪ್ಪತ್ತು ಜನ ಒಟ್ಟಿಗೆ ಕೂತು ನುಡಿಸುವ ತಂಡಗಳು ಎದ್ದವು. ಅವಕ್ಕೆ ಬಿಗ್ ಬ್ಯಾಂಡ್ ಅಂತ ಹೆಸರಾಯಿತು. ಜನ ಕುಣಿಯಲಿ ಅಂತಲೇ ಅವರು ನುಡಿಸುತ್ತಿದ್ದರು. ಯಾರು ಯಾವಾಗ ಏನು ನುಡಿಸಬೇಕು ಅನ್ನುವುದನ್ನೆಲ್ಲ ಮೊದಲೇ ಹಾಳೆಯ ಮೇಲೆ ಬರೆದಿಟ್ಟಿರುತ್ತಿದ್ದರು.

1945ರಲ್ಲಿ ಹಾಲಿವುಡ್ಡಿನಲ್ಲಿ 'ಡಾಲ್ ಫೇಸ್' ಅನ್ನುವ ಚಿತ್ರ ಬಂತು. ಅದರಲ್ಲಿ ಕಾರ್ಮೆನ್ ಮಿರಾಂಡಾ ಅನ್ನುವ ನಟಿ 'ಚಿಕೊ ಚಿಕೊ' ಅಂತ ಒಂದು ಹಾಡು ಹಾಡಿದರು. ಪೋರ್ಟೊರಿಕೊ ದ್ವೀಪದ ಒಬ್ಬ ಹುಡುಗನ ಮೇಲೆ ಕಟ್ಟಿದ ತಮಾಷೆಯ ಹಾಡು. ಅದನ್ನು ಲಂಡನ್ನಿನಲ್ಲಿ ಎಡ್ಮುಂಡೊ ರಾಸ್ ಅನ್ನುವವರ ಬ್ಯಾಂಡ್ ಕೂಡ ನುಡಿಸಿತು. ಈ ರಾಸ್ 1910ರಲ್ಲಿ ಟ್ರಿನಿಡಾಡ್ ದ್ವೀಪದಲ್ಲಿ ಹುಟ್ಟಿದವರು. ಲಂಡನ್ನಿಗೆ ಹೋಗಿ ಸ್ವಂತ ಬ್ಯಾಂಡ್ ಕಟ್ಟಿ, ತಮ್ಮ ಕಡೆಯ ತಾಳಗಳನ್ನು ಅಲ್ಲಿನವರಿಗೆ ಕೇಳಿಸಿ ಹೆಸರು ಮಾಡಿದರು. ಅಂದರೆ ನಮ್ಮಲ್ಲಿಗೆ ಬರುವ ಮೊದಲೇ ಆ ಹಾಡು ಕೈಯಿಂದ ಕೈಗೆ ದಾಟಿತ್ತು.

ಮುಂಬಯಿಯಲ್ಲಿ ಏನಾಯಿತು?

ಆಗ ಮುಂಬಯಿಯ ದೊಡ್ಡ ಹೋಟೆಲುಗಳಲ್ಲಿ ಇಂಥ ಬ್ಯಾಂಡ್‌ಗಳಿದ್ದವು. ಅವುಗಳಲ್ಲಿ ನುಡಿಸುವವರು ಬಹಳ ಮಂದಿ ಗೋವಾದವರು. ಊರಿನ ಚರ್ಚಿನ ಶಾಲೆಗಳಲ್ಲಿ ಚಿಕ್ಕಂದಿನಿಂದಲೇ ಸ್ವರ ಬರೆಯುವುದು, ಬರೆದದ್ದನ್ನು ನೋಡಿ ನುಡಿಸುವುದು ಕಲಿತಿದ್ದರು. ಹಗಲು ಸಿನೆಮಾ ಸ್ಟುಡಿಯೋ, ರಾತ್ರಿ ಹೋಟೆಲು, ಹೀಗೆ ಹಲವರ ದಿನಚರಿ ಇತ್ತು. ಅವರಲ್ಲೊಬ್ಬರು ಚಿಕ್ ಚಾಕೊಲೇಟ್ ಅಂತ ಹೆಸರಾದ ಟ್ರಂಪೆಟ್ ವಾದಕ. ನಿಜವಾದ ಹೆಸರು ಆಂಟೋನಿಯೊ ಕ್ಸೇವಿಯರ್ ವಾಜ್. ತಾಜ್ ಹೋಟೆಲಿನಲ್ಲಿ ಬ್ಯಾಂಡ್ ನಡೆಸುತ್ತಿದ್ದ ಅವರು ಸಂಗೀತ ನಿರ್ದೇಶಕ ಸಿ. ರಾಮಚಂದ್ರ ಅವರ ಜೊತೆಗೂ ಕೆಲಸ ಮಾಡಿದರು. 1951ರ 'ಅಲಬೇಲಾ' ಚಿತ್ರದಲ್ಲಿ ಅವರ ಬ್ಯಾಂಡೇ ತೆರೆಯ ಮೇಲೆ ಕಾಣುತ್ತದೆ.

ಸಿ. ರಾಮಚಂದ್ರ ಅಹಮದನಗರ ಜಿಲ್ಲೆಯಲ್ಲಿ ಹುಟ್ಟಿದ ಮರಾಠಿಗರು. ಪೇಟಿ ನುಡಿಸಬಲ್ಲವರು, ಸ್ವತಃ ಹಾಡಬಲ್ಲವರು. ಲಾವಣಿಯೂ ಗೊತ್ತು, ಇಂಗ್ಲಿಷ್ ಬ್ಯಾಂಡಿನ ಹಾಡೂ ಗೊತ್ತು. 'ಸಮಾಧಿ' ಚಿತ್ರಕ್ಕೆ ಅವರು 'ಚಿಕೊ ಚಿಕೊ' ಹಾಡಿನ ಧಾಟಿ ಎತ್ತಿಕೊಂಡರು. ರಾಜೇಂದ್ರ ಕೃಷ್ಣ ಅದಕ್ಕೆ ಹಿಂದಿ ಮಾತು ಬರೆದರು. ನೇತಾಜಿ ಸುಭಾಷರ ಆಜಾದ್ ಹಿಂದ್ ಫೌಜಿನ ಕಥೆಯ ಚಿತ್ರ ಅದು. ಅಶೋಕ್ ಕುಮಾರ್ ನಾಯಕ. ಆ ಕಥೆಯ ನಡುವೆ ನಳಿನಿ ಜಯವಂತ್ ಮತ್ತು ಕುಲದೀಪ್ ಕೌರ್ ಕುಣಿಯುವ ಈ ಹಾಡು. ಹಾಡು ದೇಶದ ತುಂಬ ಓಡಾಡಿತು.

ಬೀಳಗಿಯಿಂದ ಮೈಕಿನವರೆಗೆ

ಅಮೀರಬಾಯಿ ಹುಟ್ಟಿದ್ದು ಬೀಳಗಿಯಲ್ಲಿ. ಈಗ ಅದು ಬಾಗಲಕೋಟೆ ಜಿಲ್ಲೆ, 1997ರವರೆಗೆ ನಮ್ಮ ಬಿಜಾಪುರ ಜಿಲ್ಲೆಯೇ. ಅವರ ಸೋದರಿ ಗೋಹರಬಾಯಿಯೂ ದೊಡ್ಡ ಗಾಯಕಿ. ಇಬ್ಬರೂ ಹೆಸರಿನ ಮುಂದೆ ಮನೆತನ ಹಾಕಿಕೊಳ್ಳಲಿಲ್ಲ, ಜಾತಿ ಹಾಕಿಕೊಳ್ಳಲಿಲ್ಲ, 'ಕರ್ನಾಟಕಿ' ಅಂತ ಇಟ್ಟುಕೊಂಡರು. ಕರ್ನಾಟಕ ಅನ್ನುವ ಹೆಸರಿನ ರಾಜ್ಯ ಆಗ ಇರಲೇ ಇಲ್ಲ. ನಮ್ಮ ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿತ್ತು.

ಅಕ್ಕತಂಗಿಯರು ಬೆಳೆದದ್ದು ಕಂಪನಿ ನಾಟಕದ ಕಾಲದಲ್ಲಿ. ಕಂಪನಿ ಥಿಯೇಟರಿನಲ್ಲಿ ಮೈಕು ಇರಲಿಲ್ಲ. ಕಾಲಿನಿಂದ ಒತ್ತುವ ದೊಡ್ಡ ಪೇಟಿ, ತಬಲಾ, ಹಿಂದಿನ ಸಾಲಿನಲ್ಲಿ ಕುಳಿತವರ ಗದ್ದಲ, ಇವೆಲ್ಲವನ್ನೂ ದಾಟಿ ಹಾಡು ಕೇಳಬೇಕು. ಅದಕ್ಕೇ ಆ ಕಾಲದವರ ದನಿ ಎದೆಯಿಂದ ಬರುತ್ತದೆ, ತುಂಬಿಕೊಂಡಿರುತ್ತದೆ. ಪಿಯಾನೋದ ಮನೆಗಳೂ ಪೇಟಿಯ ಮನೆಗಳೂ ಒಂದೇ ಥರ, ಬಿಳಿ-ಕರಿ. ಹಾಗಾಗಿ ಕಂಪನಿಯಲ್ಲಿ ಪೇಟಿ ಕೇಳಿ ಬೆಳೆದವರಿಗೆ ಸ್ಟುಡಿಯೋದ ಪಿಯಾನೋದ ಜೊತೆ ಹಾಡುವುದು ಪೂರಾ ಹೊಸದಲ್ಲ.

ಅಮೀರಬಾಯಿ ಚಿಕ್ಕ ವಯಸ್ಸಿನಲ್ಲೇ ಮುಂಬಯಿ ಸೇರಿದರು. ಎಚ್‌ಎಂವಿ ಕಂಪನಿಗೆ ಹಾಡಿದ ಕವ್ವಾಲಿ ಜನರಿಗೆ ಹಿಡಿಸಿತು. 1934ರ ಹೊತ್ತಿಗೆ ಸಿನೆಮಾದಲ್ಲಿ ಪಾತ್ರ ಸಿಕ್ಕಿತು. 1943ರಲ್ಲಿ ಬಾಂಬೆ ಟಾಕೀಸಿನ 'ಕಿಸ್ಮತ್' ಬಂದಾಗ ಅವರ ದನಿ ಮನೆಮನೆಗೆ ಹೋಯಿತು. ಅನಿಲ್ ಬಿಸ್ವಾಸ್ ಅದಕ್ಕೆ ಸಂಗೀತ ಕೊಟ್ಟಿದ್ದರು. ಕಲಕತ್ತೆಯ ಒಂದೇ ಟಾಕೀಸಿನಲ್ಲಿ ಆ ಚಿತ್ರ ಮೂರು ವರ್ಷಕ್ಕೂ ಹೆಚ್ಚು ಓಡಿತು. 1948ರ 'ಶಹನಾಜ್' ಚಿತ್ರಕ್ಕೆ ಅಮೀರಬಾಯಿಯೇ ಸಂಗೀತ ನಿರ್ದೇಶನ ಮಾಡಿದರು. ಆಗ ಒಬ್ಬ ಹೆಣ್ಣುಮಗಳು ವಾದ್ಯದವರ ಮುಂದೆ ನಿಂತು ಹೀಗೆ ನುಡಿಸಿ ಅಂತ ಹೇಳುವುದು ಸಣ್ಣ ಮಾತಲ್ಲ.

ಒಂದು ಹಾಡಿನಲ್ಲಿ ಎರಡು ಕಾಲ

ಇಷ್ಟು ತಿಳಿದುಕೊಂಡು 'ಗೋರೇ ಗೋರೇ' ಮತ್ತೊಮ್ಮೆ ಕೇಳಿ. 1950ರಲ್ಲಿ ಲತಾ ಅವರಿಗೆ ಇಪ್ಪತ್ತರ ಆಸುಪಾಸು. ಹಿಂದಿನ ವರ್ಷವಷ್ಟೇ 'ಮಹಲ್' ಚಿತ್ರದಿಂದ ಅವರ ಹೆಸರು ಮೇಲೆ ಬಂದಿತ್ತು. ತೆಳುವಾದ, ಎತ್ತರದ, ಮೈಕಿಗೆ ಹೇಳಿ ಮಾಡಿಸಿದಂಥ ದನಿ. ಅಮೀರಬಾಯಿ ಆಗ ಹಿರಿಯ ಗಾಯಕಿ. ಮೈಕಿಲ್ಲದ ಕಾಲದಲ್ಲಿ ಪಳಗಿದ ದನಿ. ಆ ಎರಡು ದನಿ ಒಂದೇ ಹಾಡಿನಲ್ಲಿ ಪ್ರಶ್ನೆ-ಉತ್ತರದ ಹಾಗೆ ನಡೆಯುತ್ತವೆ. ಹಿಂದೆ ಬ್ಯಾಂಡು ಕುಣಿಸುತ್ತದೆ. ಕಂಪನಿ ನಾಟಕದ ದನಿ ಈ ಪರದೇಶದ ತಾಳಕ್ಕೆ ಎಲ್ಲಿಯೂ ಎಡವಿಲ್ಲ. ಭಾರವಾಗಿಲ್ಲ, ಹಿಂದೆ ಬಿದ್ದಿಲ್ಲ.

ಆದರೆ ಕಾಲ ತಿರುಗಿತ್ತು. ಅಲ್ಲಿಂದ ಮುಂದೆ ನಿರ್ದೇಶಕರೆಲ್ಲ ಲತಾ ಅವರಂಥ ದನಿಯನ್ನೇ ಬಯಸಿದರು. ಅಮೀರಬಾಯಿ, ಅವರಂಥ ಇನ್ನೂ ಹಲವರಿಗೆ ಹಾಡು ಕಡಿಮೆಯಾದವು. ಅಮೀರಬಾಯಿ ಸಣ್ಣಪುಟ್ಟ ಪಾತ್ರಗಳಲ್ಲಿ ನಟಿಸುತ್ತ ಉಳಿದರು. 1965ರ ಮಾರ್ಚ್ 3ರಂದು ತೀರಿಕೊಂಡರು. ಇದರಲ್ಲಿ ಲತಾ ಅವರ ತಪ್ಪೇನೂ ಇಲ್ಲ. ಆದರೆ ಇಬ್ಬರು ಹಾಡಿದ ಹಾಡಿಗೆ ಒಬ್ಬರದೇ ಹೆಸರು ಹೇಳುವುದು ನಮ್ಮ ತಪ್ಪು.

ಕದ್ದದ್ದೋ, ಮತ್ತೆ ಹಾಡಿದ್ದೋ?

ಧಾಟಿ ಎತ್ತಿಕೊಂಡರಲ್ಲ, ಅದು ಕಳವು ಅಲ್ಲವೇ ಅಂತ ನೀವು ಕೇಳಬಹುದು. ಪ್ರಶ್ನೆ ಸರಿಯೇ. ಮೂಲದ ಹೆಸರು ಹೇಳಬೇಕಿತ್ತು. ಆದರೆ ಒಬ್ಬರ ಹಾಡನ್ನು ಇನ್ನೊಬ್ಬರು ಹಾಡುವುದೇ ತಪ್ಪು ಅನ್ನುವುದಾದರೆ ನಮ್ಮ ಭಾಗದ ಸಂಗೀತವೇ ಉಳಿಯುವುದಿಲ್ಲ.

ಗೋಹರಬಾಯಿಯನ್ನೇ ನೋಡಿ. ಮರಾಠಿ ರಂಗಭೂಮಿಯ ಬಾಲಗಂಧರ್ವರ ಹಾಡುಗಳನ್ನು ಅವರದೇ ಶೈಲಿಯಲ್ಲಿ ಹಾಡಿ ಗೋಹರ ಹೆಸರಾದರು. ಆಮೇಲೆ ಅವರ ಕಂಪನಿಯನ್ನೇ ಸೇರಿದರು. ಅಷ್ಟು ದಿನ ಬಾಲಗಂಧರ್ವರು ತಾವೇ ಸೀರೆ ಉಟ್ಟು ಮಾಡುತ್ತಿದ್ದ ಪಾತ್ರಗಳನ್ನು ಆ ರಂಗದ ಮೇಲೆ ಗೋಹರ ಮಾಡಿದರು. ಗಡಿ ದಾಟಿದರೆ ಮಹಾರಾಷ್ಟ್ರದ ಜತ್ತ. ನಮ್ಮ ತಿಕೋಟಾ ಸೀಮೆಯ ಹಿರಿಯರಿಗೆ ಮರಾಠಿ ನಾಟಕದ ಪದ ಪರಕೀಯವಲ್ಲ. ಹಾಡುಗಳು ಗಡಿ ದಾಟುತ್ತಲೇ ಇದ್ದವು.

ನಮ್ಮ ಭಜನೆಯವರೂ ಇದೇ ಮಾಡುತ್ತಾರೆ. ಶಿಶುನಾಳ ಶರೀಫರ ಪದವನ್ನು ಒಂದೂರಿನವರು ಒಂದು ಧಾಟಿಯಲ್ಲಿ, ಇನ್ನೊಂದೂರಿನವರು ಇನ್ನೊಂದು ಧಾಟಿಯಲ್ಲಿ ಹಾಡುತ್ತಾರೆ. ಆದರೆ ಒಂದು ವ್ಯತ್ಯಾಸ ಗಮನಿಸಿ. ತತ್ವಪದದ ಕೊನೆಗೆ ಅಂಕಿತ ಇರುತ್ತದೆ. ವಚನಕ್ಕೂ ಇದೆ, ದಾಸರ ಪದಕ್ಕೂ ಇದೆ. ಯಾರು ಹಾಡಿದರೂ, ಎಷ್ಟು ಧಾಟಿ ಬದಲಾದರೂ, ಕೊನೆಗೆ ಕಟ್ಟಿದವರ ಗುರುತು ಬಾಯಲ್ಲಿ ಬಂದೇ ಬರುತ್ತದೆ. ಕಾಗದ ಇಲ್ಲದೆ, ಕಾಯ್ದೆ ಇಲ್ಲದೆ, ಗುರುತನ್ನು ನೂರಾರು ವರ್ಷ ಕಾಪಾಡಿದ ಉಪಾಯ ಅದು.

ಸಿನೆಮಾ ಹಾಡಿಗೆ ಅಂಕಿತವಿಲ್ಲ. ಗ್ರಾಮಫೋನ್ ತಟ್ಟೆಯ ಮೇಲಿನ ಚೀಟಿಯಲ್ಲಿ ಏನು ಬರೆದಿದೆಯೋ ಅಷ್ಟೇ. ಅದರಲ್ಲೂ ಮೋಸ ಇತ್ತು. 'ಮಹಲ್' ಚಿತ್ರದ ಹಾಡಿನ ತಟ್ಟೆ ಮೊದಲು ಬಂದಾಗ ಲತಾ ಅವರ ಹೆಸರಿನ ಜಾಗದಲ್ಲಿ ಚಿತ್ರದ ಪಾತ್ರದ ಹೆಸರು 'ಕಾಮಿನಿ' ಅಂತ ಅಚ್ಚಾಗಿತ್ತು. ಹಾಡುವವರ ಗತಿಯೇ ಹೀಗಾದರೆ ನುಡಿಸುವವರ ಪಾಡೇನು? ಗೋವಾದ ಆ ವಾದಕರಲ್ಲಿ ಬಹುತೇಕರ ಹೆಸರು ತಟ್ಟೆಯ ಮೇಲೂ ಇಲ್ಲ, ತೆರೆಯ ಮೇಲೂ ಇಲ್ಲ. ಆಂಟನಿ ಗೊನ್ಸಾಲ್ವಿಸ್ ಅನ್ನುವ ಪಿಟೀಲು ಮಾಸ್ತರರ ಹೆಸರು ಜನಕ್ಕೆ ಗೊತ್ತಾದದ್ದು 1977ರಲ್ಲಿ. ಅವರ ಶಿಷ್ಯ ಪ್ಯಾರೇಲಾಲ್ 'ಅಮರ್ ಅಕ್ಬರ್ ಆಂಟನಿ' ಚಿತ್ರದ ಒಂದು ಹಾಡಿನಲ್ಲಿ ಗುರುವಿನ ಹೆಸರನ್ನೇ ಸೇರಿಸಿದ್ದರಿಂದ. ಒಂದು ರೀತಿಯಲ್ಲಿ ಅದೂ ಅಂಕಿತವೇ.

ನಮ್ಮೂರಿನ ಲೆಕ್ಕ

ವಿಜಯಪುರದಲ್ಲಿ ಅಮೀರಬಾಯಿಯ ಹೆಸರು 'ಅಮೀರ್ ಟಾಕೀಸ್' ರೂಪದಲ್ಲಿ ಉಳಿಯಿತು. ಸಿನೆಮಾ ನೋಡಲು ಹೋದ ಎಷ್ಟೋ ಮಂದಿಗೆ ಈ ಅಮೀರ್ ಅಂದರೆ ಒಬ್ಬ ಹೆಣ್ಣುಮಗಳು, ಒಬ್ಬ ಗಾಯಕಿ ಅನ್ನುವುದೇ ತಿಳಿದಿರಲಿಲ್ಲ. ರಹಮತ್ ತರೀಕೆರೆಯವರು ಅವರ ಬಗ್ಗೆ ಕನ್ನಡದಲ್ಲಿ ಪುಸ್ತಕ ಬರೆದ ಮೇಲೆ ಸ್ವಲ್ಪ ಮಂದಿಗಾದರೂ ತಿಳಿಯಿತು.

ಇಷ್ಟು ದೊಡ್ಡವರ ಕಥೆ ಹೀಗಾದರೆ ನಮ್ಮ ಹಳ್ಳಿಗಳಲ್ಲಿ ಏನಾಗುತ್ತಿದೆ ಅಂತ ಯೋಚಿಸಿ. ತಿಕೋಟಾ, ಬಬಲೇಶ್ವರ ಭಾಗದ ಊರೂರಿನಲ್ಲಿ ಜಾತ್ರೆಗೆ ಸಾಮಾಜಿಕ ನಾಟಕ ಆಡುತ್ತಿದ್ದರು, ಈಗಲೂ ಕೆಲವು ಕಡೆ ಆಡುತ್ತಾರೆ. ಹ್ಯಾಂಡ್‌ಬಿಲ್ಲಿನಲ್ಲಿ ದೇಣಿಗೆ ಕೊಟ್ಟವರ ಫೋಟೊ ದೊಡ್ಡದಾಗಿ ಇರುತ್ತದೆ. ಪೇಟಿ ಮಾಸ್ತರರ ಹೆಸರು ಕೆಳಗೆ ಸಣ್ಣ ಅಕ್ಷರದಲ್ಲಿ. ಲಗ್ನಕ್ಕೆ ಈಗ ಡಿಜೆ, ಡಾಲ್ಬಿ ಬಂದಿದೆ. ಕ್ಲಾರಿನೆಟ್ ಊದುವವರಿಗೆ ಕರೆ ಕಡಿಮೆ. ಮಕ್ಕಳು ಆ ಕಸುಬು ಕಲಿಯುತ್ತಿಲ್ಲ. ನಾಟಕದ ಪದ, ಸಿನೆಮಾ ಹಾಡು, ಭಜನೆ, ಮೂರನ್ನೂ ಕಿವಿಯಿಂದಲೇ ಕಲಿತು ಊರಿಗೆಲ್ಲ ಕೇಳಿಸಿದವರು ಅವರು. ಸ್ವರ ಬರೆದಿಟ್ಟ ಹಾಳೆ ಅವರ ಹತ್ತಿರ ಇಲ್ಲ. ಅವರು ಹೋದರೆ ಹಾಡಿನ ಜೊತೆ ಅದನ್ನು ನುಡಿಸುವ ರೀತಿಯೂ ಹೋಗುತ್ತದೆ.

ಇದಕ್ಕೆ ಸರಕಾರ ಬರಲಿ, ಅಕಾಡೆಮಿ ಬರಲಿ ಅಂತ ಕಾಯಬೇಕಿಲ್ಲ. ನಿಮ್ಮ ಕೈಯಲ್ಲಿರುವ ಮೊಬೈಲೇ ಸಾಕು. ಮುಂದಿನ ಸಲ ಜಾತ್ರೆಯಲ್ಲೋ, ಲಗ್ನದಲ್ಲೋ, ಅಮಾವಾಸ್ಯೆ ಭಜನೆಯಲ್ಲೋ ಯಾರಾದರೂ ಹಳೆಯ ಹಾಡು ಹಾಡಿದರೆ ರೆಕಾರ್ಡ್ ಮಾಡಿ. ಮಾಡುವ ಮೊದಲು ಅವರನ್ನೊಂದು ಮಾತು ಕೇಳಿ, ಅವರು ಒಪ್ಪಲಿ. ಆಮೇಲೆ ಹಾಡಿದವರು ಯಾರು, ಪೇಟಿ ಯಾರದು, ತಬಲಾ ಯಾರದು, ಈ ಧಾಟಿ ಅವರಿಗೆ ಯಾರು ಕಲಿಸಿದರು, ಯಾವ ಊರು, ಯಾವ ದಿನ ಅನ್ನುವುದನ್ನು ಅವರ ಬಾಯಿಂದಲೇ ಹೇಳಿಸಿ, ಅದೂ ರೆಕಾರ್ಡಿನಲ್ಲಿ ಇರಲಿ. ವಾಟ್ಸಾಪಿಗೆ ಹಾಕುವಾಗ ಕೆಳಗೆ ಬರೆಯಿರಿ. ಎರಡು ಸಾಲು ಸಾಕು.

ಹಾಡು ಯಾರದಾದರೂ ಆಗಿರಲಿ, ಅದನ್ನು ಯಾರಾದರೂ ಹಾಡಲಿ. ಅಂಕಿತ ಮಾತ್ರ ಬಿಡಬೇಡಿ.