ಬಲೂನ್ ಇಳಿಯೋದು ಯಾರ ಹೊಲದಲ್ಲಿ?

ಇವತ್ತಿನ ಎಪಿಸೋಡ್ ಆಕಾಶದ ಬಗ್ಗೆ. ಆದ್ರೆ ಕಥೆ ನಡೆಯೋದು ಹೆಚ್ಚಾಗಿ ನೆಲದ ಮೇಲೆ.

ತುರ್ಕಿಯ ಕಪಡೋಕಿಯಾದಲ್ಲಿ ಬೆಳಗಿನ ಜಾವ ನೂರಾರು ಬಲೂನ್‌ಗಳು ಮೇಲೇಳೋ ರೀಲ್ಸ್ ನೀವು ನೋಡಿರ್ತೀರಿ. ನೋಡಿದ ಕೂಡ್ಲೇ ನಮ್ಮ ಕೊಪ್ಪಳದವರ ಬಾಯಲ್ಲಿ ಬರೋ ಮಾತು: "ಆನೆಗೊಂದ್ಯಾಗೂ ಹಿಂಗ ಬಂಡಿ ಅದಾವ, ತುಂಗಭದ್ರಾ ಅದಾಳ. ಇಲ್ಲ್ಯಾಕ ಹಾರಿಸಬಾರದು?" ಒಳ್ಳೆ ಪ್ರಶ್ನೆ. ಉತ್ತರ ಬೇಕಂದ್ರೆ 1783ಕ್ಕೆ ಹೋಗಬೇಕು.

ಆ ವರ್ಷ ಫ್ರಾನ್ಸ್‌ನಲ್ಲಿ ಕಾಗದ ತಯಾರಿಸೋ ಮನೆತನದ ಮಾಂಟ್‌ಗಾಲ್ಫಿಯರ್ ಸಹೋದರರು ಬಿಸಿ ಗಾಳಿ ತುಂಬಿದ ಬಲೂನ್ ಹಾರಿಸಿದರು. ಸೆಪ್ಟೆಂಬರ್ 19ರಂದು ರಾಜನ ಎದುರಿಗೆ ಒಂದು ಕುರಿ, ಒಂದು ಬಾತುಕೋಳಿ, ಒಂದು ಹುಂಜ ಆಕಾಶಕ್ಕೆ ಹೋಗಿ ಬಂದವು. ನವೆಂಬರ್ 21ರಂದು ಇಬ್ಬರು ಮನುಷ್ಯರು ಪ್ಯಾರಿಸ್ ಮೇಲೆ ಸುಮಾರು 25 ನಿಮಿಷ ತೇಲಿದರು. ಇಷ್ಟನ್ನ ಕ್ವಿಜ್ ಪುಸ್ತಕಗಳೂ ಹೇಳ್ತವೆ.

ಅವು ಹೇಳದ ಇನ್ನೊಂದು ದಿನ ಇದೆ. ಅದೇ ವರ್ಷ ಆಗಸ್ಟ್ 27. ವಿಜ್ಞಾನಿ ಜಾಕ್ ಚಾರ್ಲ್ಸ್ ಪ್ಯಾರಿಸ್‌ನಲ್ಲಿ ಜನರಿಲ್ಲದ ಹೈಡ್ರೋಜನ್ ಬಲೂನ್ ಒಂದನ್ನ ಬಿಟ್ಟರು. ಅದು ಮುಕ್ಕಾಲು ಗಂಟೆ ಹಾರಿ ಗೊನೆಸ್ ಅನ್ನೋ ಹಳ್ಳಿಯಲ್ಲಿ ಬಿತ್ತು. ಹೊಲದ ಜನ ಏನೋ ಪಿಶಾಚಿ ಬಂತು ಅಂತ ಕವೆಗೋಲು ಹಿಡಿದು ಬಂದು ಚಿಂದಿ ಮಾಡಿಬಿಟ್ಟರು. ಆಮೇಲೆ ಸರ್ಕಾರವೇ "ಇದು ಹೆದರೋ ವಸ್ತು ಅಲ್ಲ" ಅಂತ ಪ್ರಕಟಣೆ ಹೊರಡಿಸಬೇಕಾಯ್ತು.

ಈ ಕಥೆ ಕೇಳಿ ಎಲ್ಲರೂ ಹಳ್ಳಿಯವರನ್ನ ನೋಡಿ ನಗ್ತಾರೆ. ನಾನು ಕೇಳೋದು ಬೇರೆ: ಅದು ಯಾರ ಹೊಲ?

ಯಾಕಂದ್ರೆ ಬಲೂನ್‌ಗೆ ಸ್ಟೇರಿಂಗ್ ಇಲ್ಲ. 1960ರಲ್ಲಿ ಅಮೆರಿಕದ ಎಡ್ ಯೋಸ್ಟ್ ಪ್ರೊಪೇನ್ ಗ್ಯಾಸ್ ಬರ್ನರ್ ಇರೋ ಬಲೂನ್ ಹಾರಿಸಿದ ಮೇಲೆ ಇದು ಟೂರಿಸ್ಟ್ ವ್ಯವಹಾರ ಆಗೋಕೆ ದಾರಿ ಆಯ್ತು. ಆದ್ರೆ ಇವತ್ತಿಗೂ ಪೈಲಟ್ ಕೈಯಲ್ಲಿರೋದು ಏರೋದು, ಇಳಿಯೋದು ಎರಡೇ. ಬೇರೆ ಬೇರೆ ಎತ್ತರದಲ್ಲಿ ಗಾಳಿ ಬೇರೆ ಬೇರೆ ದಿಕ್ಕಿಗೆ ಬೀಸುತ್ತೆ, ಅದನ್ನ ಹುಡುಕಿ ಹತ್ತಬೇಕು. ಹಂಪಿ ಉತ್ಸವದ 'ಹಂಪಿ ಬೈ ಸ್ಕೈ' ಹೆಲಿಕಾಪ್ಟರ್ ಹೊರಟ ಜಾಗಕ್ಕೇ ವಾಪಸ್ ಬರುತ್ತೆ. ಬಲೂನ್ ಹಾಗಲ್ಲ. ಗಾಳಿ ಒಯ್ದ ಕಡೆ ಇಳಿಯುತ್ತೆ, ಅದನ್ನ ಹಿಂಬಾಲಿಸಿಕೊಂಡು ಕೆಳಗೆ ಒಂದು ಗಾಡಿ ಓಡ್ತಿರುತ್ತೆ.

ಈಗ ನಮ್ಮ ಜಿಲ್ಲೆಗೆ ಬನ್ನಿ. ಆನೆಗೊಂದಿ ಸುತ್ತ ಬಂಡೆ, ಹೊಳೆ. ಅದನ್ನ ಬಿಟ್ಟರೆ ಗಂಗಾವತಿ ಕಡೆ ಮೈಲುಗಟ್ಟಲೆ ನೆಲ್ಲು. 1953ರಿಂದ ತುಂಗಭದ್ರಾ ಡ್ಯಾಮಿನ ನೀರು ಎಡದಂಡೆ ಕಾಲುವೆಯಲ್ಲಿ ಹರಿದು ಈ ಸೀಮೆಯನ್ನ ಭತ್ತದ ಕಣಜ ಮಾಡಿತು. ಬಲೂನ್‌ಗೆ ಒಳ್ಳೆ ಕಾಲ ಚಳಿಗಾಲದ ಮುಂಜಾನೆ. ಅದೇ ಹೊತ್ತಿಗೆ ಇಲ್ಲಿ ಕಟಾವು ಮುಗಿದು, ನೀರು ಬಿಟ್ಟ ವರ್ಷ ಎರಡನೇ ಬೆಳೆಗೆ ನಾಟಿ ಶುರು. ಅಂದ್ರೆ ಬುಟ್ಟಿ ಇಳಿಯೋದು ಆಗಷ್ಟೇ ನೆಟ್ಟ ಸಸಿ ಮೇಲೆ. ಅದರ ಹಿಂದೆ ಗಾಡಿ, ನೋಡೋಕೆ ಬಂದ ಜನ.

ಕುಷ್ಟಗಿ, ಯಲಬುರ್ಗಾ ಕಡೆ ಮಳೆ ಆಧಾರದ ಎರೆ ಹೊಲ. ಕಡಲೆ, ಜೋಳ ಕಿತ್ತ ಮೇಲೆ ಬಯಲೋ ಬಯಲು. ಹಳೆ ಯಲಬುರ್ಗಾ ತಾಲ್ಲೂಕಿನ ಇಟಗಿಯಲ್ಲಿ 1112ರ ಮಹಾದೇವ ದೇವಾಲಯ ಇದೆ. ಶಾಸನವೇ ಅದನ್ನ 'ದೇವಾಲಯ ಚಕ್ರವರ್ತಿ' ಅಂತ ಕರೆದಿದೆ. ಅಲ್ಲೇ ಹಾರಿಸಬಹುದಲ್ಲ? ಆದ್ರೆ ಆ ಬಯಲಿಗೆ ಗಾಳಿಯನ್ನ ಹುಡುಕಿಕೊಂಡು ಇನ್ನೊಬ್ಬರು ಮೊದಲೇ ಬಂದಿದ್ದಾರೆ: ವಿಂಡ್‌ಮಿಲ್‌ಗಳು. ತಿರುಗೋ ರೆಕ್ಕೆ, ಕರೆಂಟ್ ತಂತಿ, ಎರಡೂ ಬಲೂನ್‌ಗೆ ಅಪಾಯ.

ಬಿ.ಕಾಂ.ನಲ್ಲಿ ನಮಗೆ ಮೊದಲು ಕಲಿಸೋದು ಇದೇ: ಲಾಭ ಯಾವ ಖಾತೆಗೆ, ಖರ್ಚು ಯಾವ ಖಾತೆಗೆ? ಟಿಕೆಟ್ ದುಡ್ಡು ಕಂಪನಿಗೆ. ಫೋಟೋ ಟೂರಿಸ್ಟ್‌ಗೆ. ತುಳಿದ ಪೈರು ರೈತನ ಖಾತೆಗೆ. ಅದರಲ್ಲೂ ಹೊಲ ಒಬ್ಬರದ್ದು, ಲಾವಣಿಗೆ ಮಾಡೋರು ಇನ್ನೊಬ್ಬರು. ಪರಿಹಾರ ಅಂತ ಕೊಟ್ಟರೂ ಪಹಣಿಯಲ್ಲಿ ಹೆಸರಿದ್ದವರಿಗೆ ಹೋಗುತ್ತೆ, ಸಸಿ ನೆಟ್ಟವರಿಗಲ್ಲ.

ಬಲೂನ್ ಹಾರಿಸೋರು ಶಾಂಪೇನ್ ಒಯ್ಯೋ ಪದ್ಧತಿ ಇದೆ. ಸಿಟ್ಟಿಗೆದ್ದ ರೈತರನ್ನ ಸಮಾಧಾನ ಮಾಡೋಕೆ ಅದು ಶುರುವಾಯ್ತು ಅನ್ನೋ ಕಥೆಯೂ ಇದೆ. ಕಥೆ ನಿಜವೋ ಸುಳ್ಳೋ, ಇಳಿಯೋ ಜಾಗಕ್ಕೆ ಏನಾದ್ರೂ ಕೊಡಬೇಕು ಅನ್ನೋ ಲೆಕ್ಕ ಅದರಲ್ಲಿದೆ.

ಹಾಗಂತ ಬಲೂನ್ ಬೇಡ ಅಂತಿಲ್ಲ. ನಾಳೆ ಯಾರಾದ್ರೂ ಗಂಗಾವತಿಯಲ್ಲಿ ಬಲೂನ್ ಹಾರಿಸ್ತೀವಿ ಅಂತ ಬಂದ್ರೆ ವಿಮಾನಯಾನ ಇಲಾಖೆ ಪರ್ಮಿಶನ್ ಇದೆಯಾ ಅಂತ ಕೇಳಿ. ಆಮೇಲೆ ಇನ್ನೊಂದು ಕೇಳಿ: ಪ್ರತಿ ಟಿಕೆಟ್‌ನಲ್ಲಿ ಇಳಿಯೋ ಹೊಲದ ಪಾಲು ಎಷ್ಟು, ಅದು ಉಳುಮೆ ಮಾಡೋರ ಕೈಗೇ ಸೇರುತ್ತಾ? ಇದನ್ನ ಹಾರೋ ಮೊದಲೇ ಬರೆದುಕೊಡಬೇಕು.

ಅಲ್ಲಿವರೆಗೆ ಅಂಜನಾದ್ರಿ ಇದೆ. 575 ಮೆಟ್ಟಿಲು ಹತ್ತಿ ನಿಂತರೆ ಹೊಳೆ, ಬಂಡೆ, ಹಸಿರು ನೆಲ್ಲು ಎಲ್ಲಾ ಕಾಣುತ್ತೆ. ಯಾರ ಸಸಿಯನ್ನೂ ತುಳಿಯಬೇಕಿಲ್ಲ.

ಮುಂದಿನ ವಾರ ಸಿಗೋಣ.